ಕೆಂಪು ಲಂಗದ ಕಾವಲು

ಕಾರಿಗ್‌ಬಾನ್, ಕಾನೆಮಾರಾ ಕರಾವಳಿ, ಐರ್ಲೆಂಡ್
೧೯೦೮ ನವೆಂಬರ್ ೧೯, ಗುರುವಾರ

ಪ್ರೀತಿಯ ಮಗ ಬಾರ್ಟ್ಲಿಗೆ, ನಿನ್ನ ಅವ್ವನ ಆಶೀರ್ವಾದಗಳು.

ಮೊದಲು ನಿನ್ನ ಮೈಯ ಸಮಾಚಾರ. ಅಲ್ಲಿ ಹೇಗಿದ್ದೀಯ? ಹೊರಡುವಾಗ ಇದ್ದ ಕೆಮ್ಮು ಹೋಯಿತೇ? ಸ್ಕಾಟ್ಲೆಂಡಿನ ಆಲೂಗಡ್ಡೆ ಅಗೆದೂ ಅಗೆದೂ ಸೊಂಟ ಹಿಡಿದುಕೊಂಡಿದ್ದರೆ ಬಾತುಕೋಳಿಯ ಕೊಬ್ಬು ಬಿಸಿ ಮಾಡಿ ತಿಕ್ಕಿಸಿಕೊ. ನಾಚಿಕೆ ಪಡಬೇಡ, ಕಮ್ಮಾರರ ಕೋಲಮ್ ಜೊತೆಯಲ್ಲೇ ಇದ್ದಾನಲ್ಲ, ಹೇಳಿದರೆ ತಿಕ್ಕುತ್ತಾನೆ. ಒದ್ದೆ ಹುಲ್ಲಿನ ಮೇಲೆ ಮಲಗಬೇಡ. ಇಷ್ಟೆಲ್ಲ ಕೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿ ನೀನು ಹೇಗಿದ್ದೀಯೋ ನನಗೆ ತಿಳಿಯದು. ಇಲ್ಲಂತೂ ನೀನು ಬಹಳ ಚೆನ್ನಾಗಿದ್ದೀಯ. ಕೆನ್ನೆ ತುಂಬಿಕೊಂಡಿದೆ, ಕೆಮ್ಮು ಇಲ್ಲವೇ ಇಲ್ಲ, ಕತ್ತಲಾಗುವ ಮುಂಚೆ ಮನೆ ಸೇರುತ್ತೀಯ. ಈಗ ಸಮುದ್ರದ ದಂಡೆಯಲ್ಲಿ ಹೊಲದ ಗೊಬ್ಬರಕ್ಕೆಂದು ಕಡಲಪಾಚಿ ಬಾಚುತ್ತಿದ್ದೀಯ. ನೀನು ಬುಟ್ಟಿ ತುಂಬಿಕೊಂಡು ಮೇಲೆ ಬರುವಷ್ಟರಲ್ಲಿ ಈ ಕಾಗದ ಮುಗಿಯಬೇಕು. ಅದಕ್ಕೇ ದನದ ಕೊಟ್ಟಿಗೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಬರೆಯುತ್ತಿದ್ದೇನೆ.

ಅವ್ವನಿಗೆ ತಲೆ ಕೆಟ್ಟಿತು ಅಂತ ನಗಬೇಡ. ಕೋಲಮ್, ಇದನ್ನು ಓದಿ ಹೇಳುತ್ತಿರುವವನು ನೀನೇ ತಾನೇ, ಇಲ್ಲಿಂದ ಮುಂದೆ ದನಿ ತಗ್ಗಿಸು, ಉಳಿದವರಿಗೆ ಕೇಳಿಸುವುದು ಬೇಡ. ವಿಷಯ ಇಷ್ಟು. ಅಕ್ಟೋಬರ್ ಕೊನೆಯ ಸಂಜೆ, ಸತ್ತವರಿಗೆಂದು ಒಲೆಯ ಬಳಿ ಕುರ್ಚಿ ಇಟ್ಟು ಬಾಗಿಲು ತೆರೆದಿಡುತ್ತೇವಲ್ಲ, ಆ ಸಂಜೆ, ನಿನ್ನ ಮುಖದವನು, ನಿನ್ನ ಕೋಟಿನವನು ಒಳಗೆ ಬಂದ. ಮೇಸ್ತ್ರಿಯ ಜೊತೆ ಜಗಳವಾಯಿತು, ಗುಂಪನ್ನು ಅಲ್ಲೇ ಬಿಟ್ಟು ಒಬ್ಬನೇ ಬಂದೆ ಅಂದ. ಜಗಳವಾಡುವುದು ನಿನಗೆ ಹೊಸದಲ್ಲ, ಆದ್ದರಿಂದ ಎಲ್ಲರೂ ನಂಬಿದರು. ಅರ್ಧ ಗಂಟೆ ನಾನೂ ನಂಬಿದೆ. ಆಮೇಲೆ ನಂಬಲಿಲ್ಲ. ಈ ಕಾಗದ ಆ ಹೊಲದಲ್ಲಿ ನಿನ್ನ ಕೈಗೆ ಸಿಕ್ಕಿದರೆ, ನನ್ನ ಮನೆಯಲ್ಲಿ ಉಣ್ಣುತ್ತಿರುವವನು ನೀನಲ್ಲ. ನೀನು ಅಲ್ಲಿಲ್ಲವೆಂದು ಕಾಗದ ಹಾಗೆಯೇ ವಾಪಸು ಬಂದರೆ, ನಾನು ಹುಚ್ಚು ಮುದುಕಿ. ಆಗ ಇಲ್ಲಿರುವ ನಿನ್ನ ಎದುರು ಕೈ ಮುಗಿದು ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ. ಎರಡರಲ್ಲಿ ಒಂದು ತಿಳಿಯುವವರೆಗೆ ನನ್ನ ಕೈ ಕಾಲು ಕಟ್ಟಿದಂತಾಗಿದೆ.

ಇವತ್ತು ಗುರುವಾರವೆಂದೇ ಬರೆಯುತ್ತಿದ್ದೇನೆ. ಗುರುವಾರ ಅವರ ಬೆನ್ನು ನಮ್ಮ ಕಡೆ, ಮುಖ ಆಚೆ ಕಡೆ. ದೂರದಿಂದ ನಮ್ಮ ಮಾತು ಕೇಳಿಸಿಕೊಳ್ಳಲೂ ಆಗದು, ಎದುರಿಗೇ ಇದ್ದರೂ ನಮ್ಮ ಮೇಲೆ ಕೈ ಮಾಡಲೂ ಆಗದು ಅಂತ ನನ್ನಜ್ಜಿ ಹೇಳುತ್ತಿದ್ದಳು. ಅವರು ಅಂದರೆ ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮುಳ್ಳುಗಿಡದ ದಿಬ್ಬದ ಒಳಗಿರುವ, ಮನುಷ್ಯರಲ್ಲದ ಆ ಒಳ್ಳೆಯ ಜನ. ಒಳ್ಳೆಯವರು ಅನ್ನದಿದ್ದರೆ ಅವರಿಗೆ ಸಿಟ್ಟು ಬರುತ್ತದೆ ಅಂತ ಒಳ್ಳೆಯವರು ಅನ್ನುತ್ತೇವೆ, ಅಷ್ಟೇ. ನಿನಗಿಂತ ಮುಂಚೆ ಹುಟ್ಟಿದ ನನ್ನ ಎರಡು ಗಂಡು ಕೂಸುಗಳನ್ನು ಎಳೆದುಕೊಂಡವರು ಅವರು. ಅದೇ ಮುಖ ತೊಡಿಸಿ ಅವರು ತೊಟ್ಟಿಲಲ್ಲಿ ಬಿಟ್ಟುಹೋದದ್ದನ್ನು ಪಾದ್ರಿಗಳು ಮಣ್ಣು ಮಾಡಿಸಿದರು, ಆದರೆ ಅದು ನನ್ನ ಮಗುವಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ನಿನಗೆ ಹನ್ನೆರಡು ತುಂಬುವವರೆಗೆ ಲಂಗ ಉಡಿಸಿದೆ, ಈಗ ನಿನ್ನ ಮಗುವಿಗೂ ಉಡಿಸಿದ್ದೇನೆ. ಅವರಿಗೆ ಬೇಕಾಗಿರುವುದು ಗಂಡು. ಕೆಂಪು ಉಣ್ಣೆಯ ಲಂಗ ಕಂಡರೆ ಹೆಣ್ಣೆಂದುಕೊಂಡು ಮುಂದೆ ಹೋಗುತ್ತಾರೆ. ಮನೆಯ ಒಳಗೂ ಹೊರಗೂ ಅದಕ್ಕೆ ಬಾಬೀನ್ ಅನ್ನುವ ಹೆಣ್ಣುಹೆಸರೇ. ಪಾದ್ರಿಗಳು ಇಟ್ಟ ಹೆಸರನ್ನು ಗುರುವಾರವಾದರೂ ನಾನು ಬರೆಯುವುದಿಲ್ಲ.

ನೀನು ಹೊರಟ ದಿನದ ಜಗಳ ನೆನಪಿದೆಯಲ್ಲ? ಶಾಲೆಯ ಮೇಷ್ಟ್ರು ಮಗುವಿನ ಲಂಗ ನೋಡಿ ನಕ್ಕರು ಅಂತ ನೀನು ಕೆಂಡವಾಗಿದ್ದೆ. ಗಂಟು ಹೆಗಲಿಗೇರಿಸಿಕೊಂಡು ಅಂಗಳದ ನಡುವೆ ನಿಂತು, "ನಿನ್ನ ಲಂಗಾನ ನೀನೇ ಉಟ್ಕೊ ಮುದುಕಿ! ಬರೋವಾಗ ನನ್ನ ಮಗನಿಗೆ ಜೇಬಿರೋ ಷರಾಯಿ ತರ್ತೀನಿ. ಊರ ಮಧ್ಯದಲ್ಲೇ ನಡೆಸ್ತೀನಿ. ಯಾವನು ಬಂದು ಎತ್ಕೊಂಡು ಹೋಗ್ತಾನೋ ನೋಡೇ ಬಿಡ್ತೀನಿ!" ಅಂತ ಕೂಗಿದೆ. ಮಗ ಅನ್ನುವ ಮಾತು ಆಗ ಆ ಅಂಗಳದಲ್ಲಿ ಮೊದಲ ಸಲ ಬಿತ್ತು. ನಾನು ಬಾಯಿ ಮುಚ್ಚು ಅಂತ ಸನ್ನೆ ಮಾಡುವಷ್ಟರಲ್ಲಿ ಆಡಿಯಾಗಿತ್ತು. ದಿಬ್ಬದ ಕಡೆ ತಿರುಗಿ ನೋಡಿದೆ, ಮುಳ್ಳುಗಿಡದ ಒಂದು ಎಲೆಯೂ ಅಲುಗಲಿಲ್ಲ. ಕಿವಿಗೊಟ್ಟವರು ಹಾಗೆಯೇ ಸುಮ್ಮನಿರುತ್ತಾರೆ ಅಂತ ನನಗೆ ಆವತ್ತೇ ಅನ್ನಿಸಿತು.

ಈಗ ಇಲ್ಲಿಗೆ ಬಂದವನ ಮಾತಿಗೆ ಬರುತ್ತೇನೆ. ಬಾಗಿಲು ದಾಟಿದವನೇ ಏನಂದ ಗೊತ್ತೇ? "ಅವ್ವಾ, ನಿನ್ನ ಮಂಡಿನೋವು ಹೇಗಿದೆ?" ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನ್ನ ಹೆಗ್ಗಣ ಎಂಥದು ಅಂತ ನನಗೆ ಗೊತ್ತಿಲ್ಲವೇ? ಹುಟ್ಟಿದ ಮೇಲೆ ನೀನು ಒಂದು ದಿನವೂ ನನ್ನ ಮಂಡಿ ವಿಚಾರಿಸಿದವನಲ್ಲ. ನನಗೆ ಮಂಡಿ ಇದೆಯೆಂದೇ ನಿನಗೆ ಗೊತ್ತಿತ್ತೋ ಇಲ್ಲವೋ. ಇವನು ಬೆಳಗ್ಗೆ ಎದ್ದು ನೀರು ತರುತ್ತಾನೆ. ಕಳ್ಳಭಟ್ಟಿ ಮುಟ್ಟುವುದಿಲ್ಲ. ನಿನ್ನ ಹೆಂಡತಿ ಸೊರಖಾ ತಟ್ಟೆ ಇಟ್ಟರೆ ಅವಳ ಮುಖ ನೋಡಿ ನಗುತ್ತಾನೆ. ಅವಳು ಮದುವೆಯಾಗಿ ಬಂದಾಗ ಹಾಡುತ್ತಿದ್ದಳಲ್ಲ, ಆಮೇಲೆ ನಿಲ್ಲಿಸಿದ್ದಳಲ್ಲ, ಈಗ ಮತ್ತೆ ಹಾಡುತ್ತಾಳೆ. ಒಲೆಯ ಮುಂದೆ ಕೂತು ಅದನ್ನು ಕೇಳುವಾಗ ನನಗೆ ಸಂತೋಷವಾಗಬೇಕು, ಆದರೆ ಅವನ ಮೇಲಿನ ಕಣ್ಣು ತೆಗೆಯಲಾಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನಿನ್ನದು ಬರೀ ಆಲೂಗಡ್ಡೆ ಅಗೆದರೆ ಹೋಗಿಬಿಟ್ಟಿತೇ?

ಸೊರಖಾಳಿಗೆ ಹೇಳಿದೆ. ಅವಳು ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಲೇ, "ಅತ್ತೆ, ಅವರು ಕುಡಿದು ಬಂದ್ರೂ ಬೈತೀರ, ಕುಡೀದೆ ಬಂದ್ರೂ ಬೈತೀರ. ನಿಮಗೆ ಎಂಥ ಮಗ ಬೇಕು ಅಂತ ಒಂದು ಸಲ ತೀರ್ಮಾನ ಮಾಡ್ಬಿಡಿ" ಅಂದಳು. ಅವಳ ಬಾಯಿ ಹರಿತ, ಆದರೆ ಮಾತು ಸುಳ್ಳಲ್ಲ. ಅವನು ಉಪ್ಪು ಮೀನು ಮುಟ್ಟುವುದಿಲ್ಲ ಕಣೇ ಅಂದೆ. ನೀನು ಉಪ್ಪು ಮೀನಿನ ತಲೆಯನ್ನೂ ಬಿಡದೆ ಚೀಪುವವನು. "ಅಲ್ಲಿ ದಿನಾ ಅದನ್ನೇ ಹಾಕಿದಾರೆ, ನಾಲಗೆ ಜಡ್ಡುಗಟ್ಟಿರುತ್ತೆ" ಅಂದಳು. ಒಲೆಯ ಇಕ್ಕಳವನ್ನು ಕೈಯಲ್ಲಿ ಹಿಡಿಯುವುದಿಲ್ಲ, ಕೆಂಡವನ್ನು ಕೋಲಿನಿಂದ ಸರಿಸುತ್ತಾನೆ, ಅವರಿಗೆ ಉಪ್ಪು, ಕಬ್ಬಿಣ ಕಂಡರೆ ಆಗದು ನೋಡು ಅಂದೆ. ಕೈಯಲ್ಲಿ ಬೊಬ್ಬೆ ಎದ್ದಿದೆ ಅಂದಳು, ಅಲ್ಲ, ಎದ್ದಿದೆ ಅಂತ ಅವನು ಅಂದನಂತೆ. ಬೊಬ್ಬೆಯನ್ನು ಅವಳೂ ನೋಡಿಲ್ಲ. ಮಂಗಳವಾರ ನಾನು ಮಜ್ಜಿಗೆ ಕಡೆಯುತ್ತಿದ್ದಾಗ ಅವನು ಒಳಗೆ ಬಂದ, ನೋಡಿದ, ಹೊರಗೆ ಹೋದ. ಕಡೆಯುವಾಗ ಮನೆಗೆ ಬಂದವರು ಯಾರೇ ಆಗಲಿ, ಪಾದ್ರಿಗಳೇ ಆಗಲಿ, ಕಡಗೋಲಿಗೆ ಒಂದು ಸಲ ಕೈ ಹಾಕಿ, ದೇವರು ಒಳ್ಳೇದು ಮಾಡಲಿ ಅನ್ನದೆ ಹೋಗುತ್ತಾರೆಯೇ? ನೀನು ಕುಡಿದು ತೂರಾಡುವಾಗಲೂ ಅದನ್ನು ಮರೆತವನಲ್ಲ. ಅವತ್ತು ತೋಳು ಬೀಳುವ ಹಾಗೆ ಕಡೆದರೂ ಬೆಣ್ಣೆ ಬರಲಿಲ್ಲ. ಸೊರಖಾ ಅದಕ್ಕೂ, ಹಸು ಗಬ್ಬವಾಗಿದೆ, ಹಾಲು ನೀರಾಗಿದೆ ಅಂತ ಒಂದು ಕಾರಣ ಕೊಟ್ಟಳು.

ಸಂತ ಮಾರ್ಟಿನ್‌ನ ಹಬ್ಬದ ಮುನ್ನಾದಿನ ನಾನೇ ಒಂದು ಪರೀಕ್ಷೆ ಮಾಡಿದೆ. ಕೆಟ್ಟದ್ದು ಒಳಗೆ ಬಾರದಿರಲೆಂದು ಹುಂಜದ ರಕ್ತವನ್ನು ಹೊಸಿಲಿಗೆ ಹಚ್ಚುವುದು ಮನೆಯ ಯಜಮಾನನ ಕೆಲಸವಲ್ಲವೇ, ಚಾಕು ತಂದು ಅವನ ಮುಂದಿಟ್ಟೆ. "ಪಾಪ ಬಿಡವ್ವಾ, ಅದಕ್ಯಾಕೆ ನೋವು ಮಾಡೋದು" ಅಂದ. ಹುಂಜದ ಜೂಜಿಗೆ ಮದುವೆಯ ಕೋಟನ್ನೇ ಒತ್ತೆಯಿಟ್ಟವನು ನೀನು! ನಾನೇ ಹುಂಜ ಹಿಡಿದು ಕುಯ್ದೆ, ಮುಂಬಾಗಿಲಿನ ಹೊಸಿಲಿಗೆ ಹಚ್ಚಿದೆ, ಮಗುವಿನ ಹಣೆಗೂ ಇಟ್ಟೆ. ಅಷ್ಟರಲ್ಲಿ ಅವನು ಎಲ್ಲಿಗೋ ಹೋಗಿದ್ದ. ಊಟದ ಹೊತ್ತಿಗೆ ಬರುವುದು ಕಾಣಿಸಿತು. ಮುಂಬಾಗಿಲ ಹತ್ತಿರದವರೆಗೆ ಬಂದು ನಿಂತ, ನೆಲ ನೋಡಿದ, ಆಮೇಲೆ ಮನೆಯನ್ನು ಸುತ್ತಿಕೊಂಡು ಹಿಂಬಾಗಿಲಿನಿಂದ ಒಳಗೆ ಬಂದ. ಹಿಂಬಾಗಿಲಿಗೆ ಹಚ್ಚಲು ಮರೆತಿದ್ದೆ. ನನ್ನ ಬುದ್ಧಿಗೆ ನನ್ನದೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು. ಕಾಲಿಗೆ ಕೆಸರಾಗಿತ್ತು, ಮುಂದಿನ ಕೋಣೆ ಗಲೀಜಾಗುತ್ತೆ ಅಂತ ಹಿಂದಿನಿಂದ ಬಂದೆ ಅಂದ. ಅದಕ್ಕೆ ಸೊರಖಾ, ನೋಡಿದಿರಾ ಅತ್ತೆ, ಎಷ್ಟು ಸೂಕ್ಷ್ಮ ಅನ್ನುವ ಹಾಗೆ ನನ್ನ ಕಡೆ ನೋಡಿದಳು.

ಆದರೆ ಇವೆಲ್ಲ ಒಂದು ಕಡೆ, ಅವನು ತಂದ ಉಡುಗೊರೆ ಒಂದು ಕಡೆ. ಬಂದ ಸಂಜೆಯೇ ಜೇಬಿನಿಂದ ಒಂದು ನೀಲಿ ರಿಬ್ಬನ್ ತೆಗೆದು, "ನನ್ನ ಮುದ್ದು ಮಗಳು ಎಲ್ಲಿ? ಬಾರಮ್ಮಾ" ಅಂದ. ಅರ್ಧ ಗಂಟೆ ನಂಬಿದ್ದೆ ಅಂದೆನಲ್ಲ, ಆ ನಂಬಿಕೆ ಮುಗಿದದ್ದು ಅಲ್ಲಿಗೆ. ಮಗು ಓಡಿ ಬಂದದ್ದು ಷರಾಯಿಗೆ ಕೈ ಚಾಚಿ. ಬೇಸಿಗೆಯಿಡೀ ಅದೇ ಕನಸು ಅದಕ್ಕೆ, ಜೇಬಿನಲ್ಲಿ ಏನೇನು ಇಟ್ಟುಕೊಳ್ಳಬೇಕು ಅಂತ ಕಪ್ಪೆಚಿಪ್ಪು ಆರಿಸಿಟ್ಟುಕೊಂಡಿತ್ತು. ರಿಬ್ಬನ್ ನೋಡಿ ಮುಖ ಸಪ್ಪೆ ಮಾಡಿಕೊಂಡಿತು, ಆದರೆ ಜಾಣಮಗು, ಬಾಯಿ ಬಿಡಲಿಲ್ಲ. ಸೊರಖಾಳ ವಾದ ಕೇಳು. "ಹೆಣ್ಣು ಅನ್ನು, ಹೆಣ್ಣು ಅನ್ನು ಅಂತ ಅವರ ತಲೆ ಕುಟ್ಟಿದ್ದು ನೀವೇ. ಈಗ ಅವರು ನಿಮ್ಮ ಮಾತು ಕೇಳಿದ್ರೆ ಅದೂ ತಪ್ಪಾ ಅತ್ತೆ?" ಅಂದಳು. ಅದನ್ನು ಕೇಳಿ ಒಂದು ದಿನ ನನಗೂ ನಾಚಿಕೆಯಾಯಿತು. ಮಗ ದಾರಿಗೆ ಬಂದಿದ್ದಾನೆ, ನಾನೇ ಕಲ್ಲು ಹಾಕುತ್ತಿದ್ದೇನೆ ಅನ್ನಿಸಿತು. ಆದರೆ ಕಳೆದ ಭಾನುವಾರ ಊಟಕ್ಕೆ ಕೂತಾಗ ಅವನು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಉಗುರಿನಿಂದ ಸುಲಿಯುತ್ತಾ, ತಲೆ ಎತ್ತದೆ, "ಈ ಮನೇಲಿ ಒಂದು ಗಂಡು ಇದ್ದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ? ಇದೆ ಅಂತ ಯಾರೋ ಅಂದ ಹಾಗಿತ್ತು" ಅಂದ. ಸೊರಖಾ ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು ಕೆಂಪಾಗಿ ಎದ್ದು ಹೋದಳು. ನಾನು ಮಗುವಿನ ಲಂಗದ ತುದಿಯನ್ನು ಮೇಜಿನ ಕೆಳಗೆ ಬಿಗಿಯಾಗಿ ಹಿಡಿದುಕೊಂಡು ಕೂತೆ. ಅವನು ಕಾಯುತ್ತಿದ್ದಾನೆ ಬಾರ್ಟ್ಲಿ. ಬಂದಿರುವುದು ಗಂಡು ಹುಡುಕಿಕೊಂಡು, ಕಂಡಿರುವುದು ಲಂಗ. ಆ ಲಂಗ ಇರುವವರೆಗೆ ಮಗು ನಮ್ಮದು.

ಹಾಗಾದರೆ ಓಡಿಸು ಅನ್ನುತ್ತೀಯ. ಹೇಗೆ ಓಡಿಸಬೇಕೆಂದು ನನಗೆ ಗೊತ್ತು, ಊರಿನ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಇಕ್ಕಳವನ್ನು ಕೆಂಪಗೆ ಕಾಯಿಸಿ ಮುಖಕ್ಕೆ ಹಿಡಿಯಬೇಕು, ಎಲ್ಲಿಂದ ಬಂದೆ ಹೇಳು ಅಂತ ಕೇಳಬೇಕು. ಅವರಾದರೆ ಓಡುತ್ತಾರೆ. ಅವರಲ್ಲದಿದ್ದರೆ? ಮುಖ ನಿನ್ನದು ಕಣೋ. ಹುಬ್ಬಿನ ಮೇಲೆ ದೋಣಿಯ ಹುಟ್ಟು ತಗುಲಿದ ಗಾಯದ ಗುರುತೂ ಇದೆ. ನನ್ನ ಅನುಮಾನ ತಪ್ಪಾದರೆ ಹೆತ್ತ ಮಗನ ಮುಖವನ್ನು ನಾನೇ ಸುಟ್ಟಂತಾಗುತ್ತದೆ, ಅದೂ ಅವನು ಜೀವಮಾನದಲ್ಲಿ ಮೊದಲ ಸಲ ಒಳ್ಳೆಯವನಾಗಿದ್ದಾಗ. ಎರಡು ಸಲ ಇಕ್ಕಳ ಎತ್ತಿ ಕೆಳಗಿಟ್ಟೆ. ನಾನು ಊರಿಗೆ ಹೇಳಿದರೂ ಅದೇ ಗತಿ. ಸೊರಖಾ ನನ್ನ ಕೈ ಹಿಡಿದು, "ಅತ್ತೆ, ಈ ಮಾತು ಹೊಸಿಲು ದಾಟಿದ್ರೆ ಊರೋರು ಬಂದು ಅವರನ್ನ ಸುಟ್ಟೇ ಬಿಡ್ತಾರೆ, ಆಮೇಲೆ ಅಳೋರು ನಾವಿಬ್ರೇ" ಅಂತ ಅತ್ತಳು. ನುಂಗಲಾರದ, ಉಗುಳಲಾರದ ಬಿಸಿತುಪ್ಪ ಇದು. ಇನ್ನೊಂದು ಮಾತನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಅವನು ಅವ್ವಾ ಅಂತ ಮೆತ್ತಗೆ ಕರೆದಾಗ ನನಗೂ ಹಿತವಾಗುತ್ತದೆ. ಹಿತವಾದ ಕೂಡಲೇ ಹೆದರಿಕೆಯಾಗುತ್ತದೆ. ಹೀಗೇ ಬಿಟ್ಟರೆ ಇನ್ನೊಂದು ತಿಂಗಳಲ್ಲಿ ನಾನೂ ಸೊರಖಾಳಂತೆ ಆಗಿ, ಒಂದು ದಿನ ಬಾಯ್ತಪ್ಪಿ ಎಲ್ಲ ಹೇಳಿಬಿಡುತ್ತೇನೆ.

ನನಗೆ ಈ ಸಂಭಾವಿತ ಬೇಡ ಬಾರ್ಟ್ಲಿ. ಕುಡಿದು ಬಂದು ಬಾಗಿಲು ಒದೆಯುವ, ನನ್ನನ್ನು ಮುದುಕಿ ಅನ್ನುವ, ಉಪ್ಪು ಮೀನಿನ ಮುಳ್ಳನ್ನು ನೆಲಕ್ಕೆ ಉಗುಳುವ ಆ ಒರಟನೇ ಬೇಕು. ಸೊರಖಾಳ ಹಾಡನ್ನು ನೀನೇ ನಿಲ್ಲಿಸಿದ್ದು, ನೀನೇ ಮತ್ತೆ ಹಾಡಿಸಬೇಕು, ಅದನ್ನು ಬಂದ ಮೇಲೆ ನಿನಗೆ ಕಿವಿ ಹಿಂಡಿ ಹೇಳುತ್ತೇನೆ. ಈಗ ಮಾಡಬೇಕಾದದ್ದು ಇಷ್ಟೇ. ಕಾಗದ ಸಿಕ್ಕಿದ ಗಳಿಗೆಯಲ್ಲೇ ಕೋಲಮ್‌ನ ಕೈಯಲ್ಲಿ ನಾಲ್ಕು ಸಾಲು ಬರೆಸು. ನಾನಿಲ್ಲಿದ್ದೇನೆ ಅಂತ ಒಂದು ಮಾತು ಸಾಕು. ಅದು ಕೈಗೆ ಬಂದ ಮೇಲೆ ಎತ್ತಿದ ಇಕ್ಕಳ ಕೆಳಗಿಡುವುದಿಲ್ಲ. ಷರಾಯಿಯ ಮಾತು ಮಾತ್ರ ಸದ್ಯಕ್ಕೆ ಎತ್ತಬೇಡ.

ಕೋಲಮ್‌ನ ಅಪ್ಪ ಅಮ್ಮ ಚೆನ್ನಾಗಿದ್ದಾರೆಂದು ಅವನಿಗೆ ತಿಳಿಸು, ಅವರ ಹಂದಿ ಮರಿ ಹಾಕಿದೆ. ದೇವರ ನೆರಳು, ಕಬ್ಬಿಣದ ಗಟ್ಟಿ, ಉಪ್ಪಿನ ಋಣ ಮೂರೂ ನಿನ್ನ ಮೇಲಿರಲಿ, ನೀನು ಎಲ್ಲೇ ಇರು.

ನಿನ್ನ ಹೆತ್ತವಳು,
ನಾಪ್ಲಾ

ಮರೆತ ಮಾತು ಅಲ್ಲ, ಈಗಷ್ಟೇ ಆದ ಮಾತು: ಕಾಗದ ಮಡಿಸುತ್ತಿದ್ದಾಗ ಅಂಚೆಯವನು ಬಂದು ಒಂದು ಪೊಟ್ಟಣ ಕೊಟ್ಟ. ಮೇಲೆ ಕೋಲಮ್‌ನ ಅಕ್ಷರ, ಇದೇ ಹದಿನಾಲ್ಕನೇ ತಾರೀಖಿನ ಸ್ಕಾಟ್ಲೆಂಡಿನ ಮುದ್ರೆ. ಬಿಚ್ಚಿದರೆ ಕಂದು ಉಣ್ಣೆಯ ಷರಾಯಿ, ಎರಡು ಜೇಬಿನದು. ಅಯ್ಯೋ ಮಗನೇ, ನೀನು ಅಲ್ಲೇ ಇದ್ದೀಯ. ಸೊರಖಾ ಆ ಮುದ್ರೆಯನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು. ನಾವಿಬ್ಬರೂ ಹಾಗೆ ಮುದ್ರೆಯ ಮೇಲೆ ಬಗ್ಗಿರುವಾಗ ಮಗು ಲಂಗ ಕಿತ್ತೆಸೆದು ಷರಾಯಿ ಹಾಕಿಕೊಂಡು, ಜೇಬಿಗೆ ಕಪ್ಪೆಚಿಪ್ಪು ತುಂಬಿಕೊಂಡು ಅಂಗಳಕ್ಕೆ ಓಡಿಬಿಟ್ಟಿತು. ಅವನು ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದ. "ಅಪ್ಪಾ, ನೋಡಿಲ್ಲಿ, ನಾನು ಗಂಡು!" ಅಂತ ಕುಣಿಯಿತು. ಅವನು ಬುಟ್ಟಿ ಕೆಳಗಿಟ್ಟ. ಸಿಟ್ಟಿಲ್ಲ, ಅವಸರವಿಲ್ಲ. "ಹಾಗಾದ್ರೆ ಇದ್ದಾನೆ" ಅಂದ, ಅಷ್ಟೇ. ಸೊರಖಾ ಓಡಿ ಹೋಗಿ ಮಗುವನ್ನು ಒಳಗೆ ಎತ್ತಿಕೊಂಡು ಬಂದಳು, ಅವನು ಒಳಗೆ ಬರಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು ಪಡುವಣದ ಕಡೆ ನೋಡುತ್ತಿದ್ದಾನೆ. ಸೂರ್ಯ ಮುಳುಗಿದರೆ ಗುರುವಾರ ಮುಗಿಯುತ್ತದೆ.

ಇನ್ನು ಹೆಸರು ಮುಚ್ಚಿಟ್ಟು ಫಲವಿಲ್ಲ. ಫೇಹೀನ್ ಸೊರಖಾಳ ಮಡಿಲಲ್ಲಿದ್ದಾನೆ. ಎರಡು ಬಾಗಿಲಿಗೂ ರಕ್ತ ಹಚ್ಚಿದ್ದೇವೆ, ಈ ಸಲ ಕುಯ್ದದ್ದು ಅವಳೇ. ಇಕ್ಕಳ ಬೆಂಕಿಯಲ್ಲಿದೆ. ಅಂಚೆಯವನು ಗೋಡೆಯಾಚೆ ಕಾಗದಕ್ಕೆ ನಿಂತಿದ್ದಾನೆ. ಇದು ನಿನಗೆ ಸೇರುವ ಹೊತ್ತಿಗೆ ಇಲ್ಲಿ ಏನಾಗಿರುತ್ತದೋ ಗೊತ್ತಿಲ್ಲ, ಆದರೂ ಸಿಕ್ಕಿದ ದೋಣಿ ಹತ್ತಿ ಬಾ. ಷರಾಯಿ ನಿನ್ನ ಮಗನಿಗೆ ಸರಿಯಾಗಿ ಹಿಡಿಸಿದೆ, ಅಳತೆ ಇಲ್ಲದೆ ಹೇಗೆ ಹೊಲಿಸಿದೆಯೋ. ಬಂದವನು ಬಾಗಿಲ ಹೊರಗೇ ನಿಂತು ಮೊದಲು ನನ್ನನ್ನು ಬಾಯಿ ತುಂಬ ಬೈಯಿ. ಆಮೇಲೆ ಬಾಗಿಲು ತೆಗೆಯುತ್ತೇನೆ.